ಮುಟ್ಟದೆ ಇಟ್ಟ ಕಾಫಿ

ಮೊನ್ನೆ ಪಾಯಸಕ್ಕೆ ಏಲಕ್ಕಿ ತರಲು ಅಡುಗೆಮನೆಗೆ ಹೋದವಳು ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟೆ. ಬ್ಯಾಟರಾಯನಪುರದ ನಮ್ಮ ಮನೆಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಒಂದು ಪಿಂಗಾಣಿ ಬಟ್ಟಲಿದೆ. ಹಿಡಿಯಿಲ್ಲ, ಅಂಚಿಗೆ ಸುತ್ತಲೂ ಹಸಿರು ಗೆರೆಯಿದೆ, ಅಂಗೈ ಮುಚ್ಚಿದರೆ ಒಳಗೆ ಅಡಗಿಬಿಡುವಷ್ಟು ಚಿಕ್ಕದು. ಅಮ್ಮ ಅದರಲ್ಲಿ ಏಲಕ್ಕಿ ಇಡುತ್ತಾರೆ. ನಾನು ಅದನ್ನು ಕೈಯಲ್ಲಿ ಹಿಡಿದು ನಗುತ್ತ ನಿಂತದ್ದನ್ನು ಕಂಡು, "ಏಲಕ್ಕಿ ತಾ ಅಂದ್ರೆ ಸಕಲೇಶಪುರಕ್ಕೇ ಹೋದ್ಯೇನೇ?" ಎಂದು ಕೇಳಿದರು. ನಾನು ಹೋಗಿದ್ದದ್ದು ಅದಕ್ಕಿಂತ ಬಹಳ ದೂರ.

ಆ ಬಟ್ಟಲಿನ ಕಥೆ ಹೇಳುವ ಮೊದಲು ನನ್ನ ಶಾಲೆಯ ಬಗ್ಗೆ ಎರಡು ಮಾತು ಹೇಳದಿದ್ದರೆ, ನಾನೇಕೆ ಹೀಗೆ ಎಂಬುದು ನಿಮಗೆ ತಿಳಿಯುವುದಿಲ್ಲ. ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ, ಸಮವಸ್ತ್ರವೂ ಇರಲಿಲ್ಲ. ಬದಲಿಗೆ ಪ್ರತಿ ಶುಕ್ರವಾರ ಹೊಂಗೆಮರದ ಕೆಳಗೆ ದುಂಡಗೆ ಕುಳಿತು, ಆ ವಾರ ಕಣ್ಣಿಗೆ ಬಿದ್ದ ಒಂದು ಅನ್ಯಾಯವನ್ನು ಪ್ರತಿಯೊಬ್ಬರೂ ಹೆಸರಿಸಬೇಕಿತ್ತು. ಮೂರನೆಯ ತರಗತಿಯಲ್ಲಿ ನಾನು ಹೆಸರಿಸಿದ ಮೊದಲ ಅನ್ಯಾಯ, ನಮ್ಮಮ್ಮ ಎಲ್ಲರ ಊಟವಾದ ಮೇಲೆ ಉಣ್ಣುತ್ತಾರೆ ಎಂಬುದು. ಟೀಚರ್ ಬೆನ್ನು ತಟ್ಟಿದರು. ಅಮ್ಮನಿಗೆ ಹೇಳಿದರೆ, "ನಿಮ್ಮನ್ನೆಲ್ಲ ಆಚೆ ಕಳ್ಸಿ ನಿಧಾನಕ್ಕೆ ಉಣ್ಣೋಣ ಅಂತ ಕಣೇ, ಅದನ್ನೂ ಕೆಡಿಸ್ಬೇಡ" ಎಂದರು.

ಎರಡನೆಯದು ಅಷ್ಟು ಹಗುರವಾಗಿರಲಿಲ್ಲ. ಆಗ ನಮಗೊಂದು ದ್ರಾಕ್ಷಿ ತೋಟವಿತ್ತು. ಅಲ್ಲಿನ ಪಂಪ್‌ಹೌಸಿನ ಗೋಡೆಯ ಹೊರಗಿನ ಗೂಡಿನಲ್ಲಿ, ಕೂಲಿಗೆ ಬರುತ್ತಿದ್ದವರಿಗೆಂದು ಬೇರೆಯೇ ಲೋಟವೊಂದಿತ್ತು. ಅದನ್ನು ಶುಕ್ರವಾರದ ವೃತ್ತದಲ್ಲಿ ಹೆಸರಿಸಿ, ಮನೆಗೆ ಬಂದು ಅಪ್ಪನೆದುರಿಗೂ ಹೆಸರಿಸಿದೆ. ಮರುದಿನ ಗೂಡು ಖಾಲಿಯಾಗಿತ್ತು, ಎಲ್ಲರಿಗೂ ಒಂದೇ ಬಗೆಯ ಸ್ಟೀಲ್ ಲೋಟ ಬಂದಿತ್ತು. ಆ ದಿನದಿಂದ ನನಗೆ ಚಟವೇ ಹತ್ತಿತು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲಿ ತಪ್ಪು ಕಂಡರೂ ನಾನು ಹೆಸರಿಸುತ್ತೇನೆ. ನಂಟರು ನನ್ನನ್ನು ಕರೆಯುವುದು ಕಡಿಮೆ ಮಾಡಿದ್ದಾರೆ. ಅದೂ ಒಂದು ಅನ್ಯಾಯವೇ.

ಇಂಥವಳು 2013ರ ಏಪ್ರಿಲಿನಲ್ಲಿ ಇಸ್ರೇಲಿನ ನಜರೇತಿಗೆ ಹೋದೆ. ಮನೆ ಮತ್ತು ನೆಲದ ಹಕ್ಕಿಗಾಗಿ ದುಡಿಯುವ ಹೆಂಗಸರ ಒಂದು ಸಭೆ ಅಲ್ಲಿತ್ತು; ನಾನು ಕೆಲಸ ಮಾಡುವ ಸಂಘ ನನ್ನನ್ನು ಕಳಿಸಿತ್ತು. ಸಭೆ ಮುಗಿದ ಮೇಲೆ ಎರಡು ದಿನ ಒಂದು ಮನೆಯಲ್ಲಿ ಉಳಿಯುವ ಏರ್ಪಾಡಾಯಿತು. ಮನೆಯಿದ್ದದ್ದು ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ. ಮನೆಯ ಯಜಮಾನರು ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಊರಿನಲ್ಲಿ ಎಲ್ಲರೂ ಅವರನ್ನು ಅಬು ಸಮೀರ್ ಎಂದು, ಹೆಂಡತಿಯನ್ನು ಉಮ್ ಸಮೀರ್ ಎಂದು ಕರೆಯುತ್ತಿದ್ದರು; ಹಿರಿಯ ಮಗ ಸಮೀರನ ಅಪ್ಪ, ಸಮೀರನ ಅಮ್ಮ ಎಂದರ್ಥ. ನಮ್ಮ ಕೊಡಿಗೇಹಳ್ಳಿಯ ಅಜ್ಜಿಯರನ್ನು ಮುನಿರಾಜನ ಅಮ್ಮ, ಕೆಂಪಣ್ಣನ ಅಮ್ಮ ಎಂದೇ ಕರೆಯುತ್ತಾರಲ್ಲ, ಹಾಗೆ. ಮಗಳು ರೀಮ್ ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಇಂಗ್ಲಿಷ್ ಬಲ್ಲವಳು ಅವಳೊಬ್ಬಳೇ. ಅವರೆಲ್ಲರ ಮಾತನ್ನು ಅವಳು ಇಂಗ್ಲಿಷಿಗೆ ತಂದಳು, ನಾನಿಲ್ಲಿ ಕನ್ನಡಕ್ಕೆ ತಂದಿದ್ದೇನೆ. ನಡುವೆ ಉದುರಿಹೋದದ್ದಕ್ಕೆ ನಾವಿಬ್ಬರೂ ಹೊಣೆ.

ಈ ಕುಟುಂಬ ಪ್ಯಾಲೆಸ್ತೀನಿಯರದು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ ಲಕ್ಷಾಂತರ ಜನ ನೆಲೆ ಕಳೆದುಕೊಂಡರು. ಹಾಗಾಗದೆ ಅಲ್ಲೇ ಉಳಿದವರು ಆ ದೇಶದ ಪೌರರಾದರು. ಮತ ಹಾಕುತ್ತಾರೆ, ತೆರಿಗೆ ಕಟ್ಟುತ್ತಾರೆ, ಅದೇ ದೇಶದ ಪಾಸ್‌ಪೋರ್ಟ್ ಹಿಡಿದು ಓಡಾಡುತ್ತಾರೆ, ಆದರೂ ದಿನಕ್ಕೊಮ್ಮೆಯಾದರೂ ತಾವು ಯಾರೆಂದು ಯಾರಿಗಾದರೂ ವಿವರಿಸಬೇಕಾಗುತ್ತದೆ. ಇದನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ಹೊಸ ನೋಟ್‌ಬುಕ್ ಕೊಂಡಿದ್ದೆ. ಬರಿಗೈಯಲ್ಲಿ ಹೋಗಬಾರದೆಂದು ಅಮ್ಮ ಯಲಹಂಕದ ಬೇಕರಿಯಿಂದ ಒಂದು ಕಿಲೋ ಮೈಸೂರು ಪಾಕ್ ಕಟ್ಟಿಸಿ ಕೊಟ್ಟಿದ್ದರು.

ಒಳಗೆ ಹೋದೊಡನೆ ಮೈಸೂರು ಪಾಕಿನ ಡಬ್ಬಿಯನ್ನು ಉಮ್ ಸಮೀರ್ ಕೈಗಿತ್ತು ಕುಳಿತೆ. ಕಾಫಿ ಬಂತು. ಹಾಲಿಲ್ಲದ, ಏಲಕ್ಕಿ ಹಾಕಿ ಕುದಿಸಿದ, ನಾಲಿಗೆ ಸುಡುವಷ್ಟು ಬಿಸಿಯಾದ ಕಾಫಿ. ಲೋಟದಿಂದ ಲೋಟಕ್ಕೆ ಮೊಳದುದ್ದ ಎತ್ತಿ ಸುರಿದು ಆರಿಸಿ ಕುಡಿಯುವ ಮನೆಯವಳು ನಾನು. ಆ ಪುಟ್ಟ ಬಟ್ಟಲಿನಲ್ಲಿ ಆರಿಸುವುದು ಹೇಗೆ? ತಾನಾಗಿ ಆರಲಿ ಎಂದು ಮೇಜಿನ ಮೇಲಿಟ್ಟು ನೋಟ್‌ಬುಕ್ ತೆರೆದೆ.

ಉಮ್ ಸಮೀರ್ ಬಟ್ಟಲನ್ನು ನೋಡಿದರು, ಮೈಸೂರು ಪಾಕಿನ ಡಬ್ಬಿಯನ್ನು ನೋಡಿದರು, ಆಮೇಲೆ ಮಗಳ ಮುಖ ನೋಡಿದರು. ಅಬು ಸಮೀರ್ ಕುಳಿತಲ್ಲೇ ನೆಟ್ಟಗಾದರು.

"ನೀವು ಬಂದ ಕೆಲಸ ಹೇಳಿ" ಎಂದರು.

"ಕೆಲಸವೇನಿಲ್ಲ, ನಿಮ್ಮನ್ನೆಲ್ಲ ನೋಡಲು ಬಂದೆ."

"ನೋಡಲು ಯಾರೂ ಇಷ್ಟು ದೂರ ಬರುವುದಿಲ್ಲ. ಸಂಕೋಚ ಬೇಡ, ಕೇಳಿ."

ನನಗೆ ಮನಸ್ಸು ತುಂಬಿಬಂತು. ಇಂಥ ನೇರ ಮನುಷ್ಯರೆದುರು ಮುಚ್ಚುಮರೆ ಏಕೆಂದು, ಶುಕ್ರವಾರದ ವೃತ್ತದ ದನಿಯಲ್ಲೇ ಹೇಳಿದೆ: "ನಿಮ್ಮ ಮನೆಯಲ್ಲಿ ಬಹಳ ಅಮೂಲ್ಯವಾದದ್ದೊಂದಿದೆ. ಅದನ್ನು ಕೇಳುವ ಅರ್ಹತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಕೊಟ್ಟರೆ ನನ್ನ ಊರಿಗೆ ತೆಗೆದುಕೊಂಡು ಹೋಗಿ ಜೋಪಾನವಾಗಿ ನೋಡಿಕೊಳ್ಳುತ್ತೇನೆ."

ನಾನು ಹೇಳಿದ್ದು ಅವರ ಬದುಕಿನ ಕಥೆಯ ಬಗ್ಗೆ. ರೀಮ್ ಅರ್ಧ ಅನುವಾದಿಸಿ, ಸೆರಗಿಲ್ಲದಿದ್ದರೂ ಸೆರಗು ಹುಡುಕುವವಳಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಉಮ್ ಸಮೀರ್ ಪಕ್ಕದ ಮನೆಯ ಮೈದುನನನ್ನು ಕೂಗಿ ಕರೆದಾಗಿತ್ತು. ಆತ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದು ಕುಳಿತ. ಉಮ್ ಸಮೀರ್ ನನ್ನತ್ತ ಬಾಗಿ ಕೇಳಿದರು:

"ಹುಡುಗನಿಗೆ ವಯಸ್ಸೆಷ್ಟು?"

ಅವರ ಪದ್ಧತಿ ಹೀಗಂತೆ. ಹೆಣ್ಣು ಕೇಳಲೋ, ಜಗಳದ ರಾಜಿಗೋ, ದೊಡ್ಡದೊಂದು ಬೇಡಿಕೆ ಹೊತ್ತು ಬಂದ ಅತಿಥಿ, ಕೊಟ್ಟ ಕಾಫಿಯನ್ನು ಮುಟ್ಟದೆ ಎದುರಿಗಿಡುತ್ತಾನೆ. ಮನೆಯವರು "ಕುಡಿಯಿರಿ, ಕೇಳಿದ್ದನ್ನು ಕೊಟ್ಟಿದ್ದೇವೆ" ಎಂದ ಮೇಲೆಯೇ ಕುಡಿಯುವುದು. ಅತಿಥಿ ಕುಡಿಯದೆ ಎದ್ದುಹೋದರೆ ಆ ಮನೆಗೆ ಅವಮಾನ. ಸಿಹಿಯ ಡಬ್ಬಿಯೊಂದಿಗೆ ಬಂದು, ಕಾಫಿ ಮುಟ್ಟದೆ ಕುಳಿತು, ಅಮೂಲ್ಯವಾದದ್ದನ್ನು ಕೊಡಿ ಎಂದವಳನ್ನು ರೀಮ್‌ಳನ್ನು ಹೆಣ್ಣು ಕೇಳಲು ಬಂದವಳೆಂದಲ್ಲದೆ ಅವರು ಮತ್ತೇನೆಂದು ತಿಳಿಯಬೇಕು? ಅವರಲ್ಲಿ ಹಾಗೆ ಕೇಳಲು ಗಂಡಸರು ಗುಂಪುಕಟ್ಟಿ ಬರುತ್ತಾರೆ. ಭಾರತದಲ್ಲಿ ಒಬ್ಬ ಹೆಂಗಸೇ ಸಾಕೇನೋ ಎಂದು ಮೈದುನ ನನ್ನ ಬಗ್ಗೆ ಗೌರವದಿಂದ ಹೇಳಿದನಂತೆ.

ವಿಷಯ ತಿಳಿಯಾದಾಗ ಎದ್ದ ನಗು ಬೀದಿಗೆ ಕೇಳಿಸಿರಬೇಕು. ಅಬು ಸಮೀರ್ ಕಣ್ಣೊರೆಸಿಕೊಂಡು, "ಕಥೆ ತಾನೇ? ಕೊಟ್ಟಿದ್ದೇವೆ. ಕುಡಿಯಿರಿ" ಎಂದರು. ಕುಡಿದೆ. ಉಮ್ ಸಮೀರ್ ಒಬ್ಬರಿಗೆ ಮಾತ್ರ ಸ್ವಲ್ಪ ನಿರಾಸೆಯಾದಂತಿತ್ತು.

ಆಮೇಲೆ ಕೇಳಿದ ಕಥೆಗಳೆಲ್ಲ ನೋಟ್‌ಬುಕ್ಕಿನಲ್ಲಿವೆ. ಮೇಷ್ಟ್ರು ವರ್ಷಗಟ್ಟಲೆ ಪಾಠ ಮಾಡಿದ ನಕ್ಷೆಯಲ್ಲಿ ಅವರ ತಾಯಿಯ ತವರೂರು ಇರಲಿಲ್ಲ. ಆ ಊರನ್ನು ಕೆಡವಿ ಪೈನ್ ಮರಗಳನ್ನು ನೆಟ್ಟಿದ್ದರು. ಹಾಗಾಗಿ ಪ್ರತಿ ವರ್ಷದ ಮೊದಲ ಪಾಠದಂದು, ನಕ್ಷೆಯ ಆ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕಿ ಇಡುತ್ತಿದ್ದರಂತೆ. "ಇನ್‌ಸ್ಪೆಕ್ಟರ್ ಬಂದಾಗ ಅಳಿಸುತ್ತಿದ್ದೆ, ಹೋದ ಮೇಲೆ ಮತ್ತೆ ಇಡುತ್ತಿದ್ದೆ. ಮಕ್ಕಳಿಗೆ ಅದೊಂದು ಆಟವೇ ಆಗಿತ್ತು" ಎಂದು ನಕ್ಕರು. ಗಡಿಯಾಚೆಯ ಅರಬರಿಗೆ ಅವರ ಪಾಸ್‌ಪೋರ್ಟ್ ಕಂಡರೆ ಅನುಮಾನ, ತಮ್ಮದೇ ವಿಮಾನ ನಿಲ್ದಾಣದವರಿಗೆ ಅವರ ಹೆಸರು ಕಂಡರೆ ಅನುಮಾನ. ಎರಡೂ ಕಡೆ ಬಿಚ್ಚುವುದು ಅವರ ಚೀಲವನ್ನೇ. "ನಮ್ಮ ಮನೆಯಲ್ಲೇ ನಮ್ಮನ್ನು ಅತಿಥಿಗಳಂತೆ ಕಾಣುತ್ತಾರೆ. ಅತಿಥಿಗೆ ಕೊಡುವ ಕಾಫಿಯನ್ನು ಮಾತ್ರ ಕೊಡುವುದಿಲ್ಲ" ಎಂದರು.

ನನಗೆ ನಮ್ಮಪ್ಪನ ನೆನಪಾಯಿತು. ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಇದೆ. ಯಾರದೋ ಗೃಹಪ್ರವೇಶಕ್ಕೆಂದು ಹೋದ ಅಪ್ಪನನ್ನು ಗೇಟಿನಲ್ಲಿ ತಡೆದು, ಹಿಂದಿಯಲ್ಲಿ ಊರು ಕೇರಿ ಕೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಿದ್ದರು. "ನಾನು ಗಿಡಕ್ಕೆ ನೀರು ಬಿಟ್ಟ ಜಾಗ ಕಣಯ್ಯಾ ಇದು" ಎಂದರೆ ಕಾವಲಿನವನಿಗೆ ಅರ್ಥವಾಗಲಿಲ್ಲ. ಇದನ್ನು ಹೇಳಿದಾಗ ಅಬು ಸಮೀರ್, ನಿಮ್ಮಪ್ಪನೂ ನಾನೂ ಒಮ್ಮೆ ಕುಳಿತು ಕಾಫಿ ಕುಡಿಯಬೇಕು ಎಂದರು. ಆದರೆ ಎರಡೂ ಒಂದೇ ಅಲ್ಲ. ನಮ್ಮಪ್ಪ ಒಪ್ಪಿ ಮಾರಿದರು, ಅವರಿಂದ ಕಿತ್ತುಕೊಂಡರು. ಅದನ್ನೂ ಅಲ್ಲೇ ಹೇಳಿದೆ.

ತೋಟದ ಮಾತು ಬಂದಾಗ ಉಮ್ ಸಮೀರ್, ದ್ರಾಕ್ಷಿ ಎಲೆಗಳನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಹಸುಗಳಿಗೆ ಹಾಕುತ್ತಿದ್ದೆವು ಎಂದೆ. ಅವರು ಎದೆ ಹಿಡಿದುಕೊಂಡರು. ಅಲ್ಲಿ ಆ ಎಲೆಯಲ್ಲಿ ಅನ್ನ, ಖೀಮಾ ಸುತ್ತಿ ಬೇಯಿಸಿ ಹಬ್ಬ ಮಾಡುತ್ತಾರೆ. ಎಷ್ಟು ವರ್ಷ, ಎಷ್ಟು ಎಕರೆ ಎಂದು ಕೇಳಿ, ನಮ್ಮ ಹಸುಗಳ ಭಾಗ್ಯವನ್ನು ನೆನೆದು ತಲೆಯಾಡಿಸಿದರು.

ಎಲೆ ಸುತ್ತುತ್ತ ಕುಳಿತಿದ್ದಾಗ ರೀಮ್ ತನ್ನದೊಂದು ಸಂಗತಿ ಹೇಳಿದಳು. ಅವಳ ಔಷಧದಂಗಡಿಯಿರುವ, ಯಹೂದಿಗಳೇ ನೆಲೆಸಿರುವ ಪಕ್ಕದ ಹೊಸ ಊರಿನಲ್ಲಿ ಮನೆ ಮಾಡಬೇಕೆಂದು ಅರ್ಜಿ ಹಾಕಿದ್ದಳು. ಅಲ್ಲಿ ಯಾರು ವಾಸಿಸಬಹುದೆಂದು ನಿರ್ಧರಿಸುವುದು ನಿವಾಸಿಗಳ ಸಮಿತಿ. ಇವಳನ್ನು ಕೂರಿಸಿ, "ಎಷ್ಟು ಚೆನ್ನಾಗಿ ಹೀಬ್ರೂ ಮಾತನಾಡುತ್ತೀರಿ" ಎಂದು ಹೊಗಳಿ, ನಮ್ಮ ಊರಿನ ವಾತಾವರಣಕ್ಕೆ ಹೊಂದುವುದಿಲ್ಲ ಎಂದು ಬರೆದು ಕಳುಹಿಸಿದರಂತೆ. "ಅವರ ಮಕ್ಕಳ ಕೆಮ್ಮಿಗೆ ಔಷಧ ಕೊಡುವುದು ನಾನೇ" ಎಂದಳು. ನಾನು ಪೆನ್ಸಿಲ್ ಮುರಿಯುವಷ್ಟು ಒತ್ತಿ ಎರಡು ಅಡಿಗೆರೆ ಎಳೆದೆ.

ಆಗ ಉಮ್ ಸಮೀರ್ ಎಲೆ ಸುತ್ತುವುದನ್ನು ನಿಲ್ಲಿಸದೆ ಕೇಳಿದರು: "ನಿಮ್ಮ ಮನೆ ದೊಡ್ಡದೇ?"

"ಮಹಡಿಯ ಮೇಲೊಂದು ಬಾಡಿಗೆ ಮನೆಯೂ ಇದೆ."

"ರೀಮ್ ನಿಮ್ಮ ಊರಿಗೆ ಕೆಲಸಕ್ಕೆ ಬಂದರೆ, ನಿಮ್ಮಪ್ಪ ಅವಳಿಗೆ ಆ ಮನೆ ಕೊಡುತ್ತಾರಾ?"

ಚುಚ್ಚಬೇಕೆಂದು ಕೇಳಿದ್ದಲ್ಲ. ತಾಯಂದಿರು ಕೇಳುವ ಮಾತು ಅದು. ನನ್ನ ಕಣ್ಣೆದುರು ನಮ್ಮ ಗೇಟಿನ ಬೋರ್ಡು ಬಂದು ನಿಂತಿತು: "ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ." ಭಾನುವಾರದ ಮಟನ್ ಸಾರಿಗೆ ಶುಕ್ರವಾರದಿಂದಲೇ ಕಾಯುವ ಮನೆ ನಮ್ಮದು. ಆ ಮಾತು ಯಾರನ್ನು ಗೇಟಿನಲ್ಲೇ ನಿಲ್ಲಿಸಲು ಬರೆದದ್ದೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಬರೆದವಳು ನಾನೇ. ಕಾಲೇಜಿನ ದಿನಗಳಲ್ಲಿ ಅಪ್ಪ ಹೇಳಿದರೆಂದು, ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ, ನೀಲಿ ಬಣ್ಣದಲ್ಲಿ, ಸುತ್ತಲೂ ಬಳ್ಳಿಯ ಚಿತ್ರ ಬಿಡಿಸಿ ಬರೆದಿದ್ದೆ. ಊರಿನ ಅನ್ಯಾಯವನ್ನೆಲ್ಲ ಹೆಸರಿಸಿಕೊಂಡು ಆ ಗೇಟಿನಲ್ಲೇ ದಿನವೂ ಓಡಾಡಿದ್ದೆ.

"ಕೊಡುತ್ತಾರೆ" ಎಂದೆ.

ಹೊರಡುವ ದಿನ ಉಮ್ ಸಮೀರ್ ನಾನು ಕುಡಿದ ಬಟ್ಟಲನ್ನೇ ತೊಳೆದು, ಕಾಗದದಲ್ಲಿ ಸುತ್ತಿ ಕೊಟ್ಟರು. ರೀಮ್ ಬಂದಾಗ ನಿಮ್ಮ ಮೇಲಿನ ಮನೆಯಲ್ಲಿ ಇದರಲ್ಲೇ ಕಾಫಿ ಕುಡಿಯಲಿ ಎಂದರು. ಸುಳ್ಳೊಂದನ್ನು ಇಷ್ಟು ಜತನದಿಂದ ಯಾರೂ ವಿಮಾನದಲ್ಲಿ ತಂದಿರಲಾರರು.

ಜುಲೈ ಬಂತು. ಮೇಲಿನ ಮನೆ ಖಾಲಿಯಾಯಿತು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ತಬಸ್ಸುಮ್ ಎಂಬಾಕೆ, ನಮ್ಮ ಸಂಘದ ಆರೋಗ್ಯ ಶಿಬಿರಗಳಿಗೆ ಬಂದು ಪರಿಚಯವಾದವಳು, ಆಗ ಮನೆ ಹುಡುಕುತ್ತಿದ್ದಳು. ಹುಬ್ಬಳ್ಳಿಯಿಂದ ತಾಯಿಯನ್ನು ಕರೆಸಿಕೊಳ್ಳಬೇಕಿತ್ತು. ಆರ್.ಟಿ. ನಗರದಿಂದ ಯಲಹಂಕದವರೆಗೆ ಒಂಬತ್ತು ಮನೆ ನೋಡಿದ್ದಳು. "ಹೆಸರ ಕೇಳೂತನಾ ಮನಿ ಖಾಲಿ ಇರ್ತೈತ್ರಿ ಅಕ್ಕಾ, ಹೇಳಿದ ಮ್ಯಾಲ ಯಾರೋ ಅಡ್ವಾನ್ಸ್ ಕೊಟ್ಟು ಹೋಗಿರ್ತಾರ" ಎಂದು ನಗುತ್ತ ಹೇಳುತ್ತಿದ್ದಳು. ಊರು ಹುಬ್ಬಳ್ಳಿ ಎಂದರೆ, ಅದಲ್ಲ, ಮೂಲ ಎಲ್ಲಿಯದು ಎಂದು ಕೇಳುತ್ತಿದ್ದರಂತೆ. ಕನ್ನಡ ಎಷ್ಟು ಚೆನ್ನಾಗಿ ಮಾತನಾಡುತ್ತೀರಿ ಎಂದು ಹೊಗಳುತ್ತಿದ್ದರಂತೆ. ಅದನ್ನು ಕೇಳಿದಾಗ ರೀಮ್‌ಳ ದನಿ ನನ್ನ ಕಿವಿಯಲ್ಲಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಜಗುಲಿಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಅಮ್ಮ ತಂದ ಕಾಫಿಯನ್ನು ಮುಟ್ಟದೆ ಎದುರಿಗಿಟ್ಟು ಕುಳಿತೆ.

"ಯಾಕೆ ಪುಟ್ಟಿ, ಉಷಾರಿಲ್ವಾ?"

ಕಾಫಿಯ ಪದ್ಧತಿಯನ್ನೂ ತಬಸ್ಸುಮ್‌ಳ ವಿಷಯವನ್ನೂ ಹೇಳಿದೆ. ಅಪ್ಪ ಪೇಪರ್ ಮಡಿಸಿದರು.

"ಅದು ನೆಂಟ್ರಿಗೆ. ನೀನೇನು ಈ ಮನೇಗೆ ನೆಂಟ್ಳಾ? ಕುಡಿ ಸುಮ್ನೆ."

"ಮನೆ ಕೊಡ್ತೀನಿ ಅನ್ನಿ, ಕುಡೀತೀನಿ."

"ಬೀದಿಯೋರು ಏನಂತಾರೆ? ಬೋರ್ಡ್‌ನಲ್ಲಿ ಬೇರೆ ಸಸ್ಯಾಹಾರಿಗಳು ಅಂತ ಬರ್ದೈತೆ."

"ಬರ್ದೋಳು ನಾನೇ ಅಪ್ಪ. ಅಳಿಸೋಕೂ ಬರುತ್ತೆ."

"ಇಂಗೆ ಅಟ ಮಾಡಿದ್ರೆ ಎಂಗೆ?" ಎಂದು ಎದ್ದು ಹೋದರು. ಎರಡನೆಯ ದಿನವೂ ಕಾಫಿ ಆರಿತು. ಮೂರನೆಯ ದಿನ ತಲೆನೋವಿನಿಂದ ನನಗೆ ಅನ್ಯಾಯಗಳೂ ಮಸುಕಾಗಿ ಕಾಣತೊಡಗಿದವು. ಅಮ್ಮ ಇಬ್ಬರನ್ನೂ ಬೈದರು: "ಮೂರು ದಿವ್ಸದ ಡಿಕಾಕ್ಷನ್ ತೊಟ್ಟಿಗೆ ಹೋಯ್ತು. ಆಷಾಢದಲ್ಲಿ ಇನ್ಯಾರು ಮನೆ ಬದಲಾಯಿಸ್ತಾರ್ರೀ? ಅವ್ರಿಗೆ ಆಷಾಢ ಇಲ್ವಲ್ಲ, ಬರ್ಲಿ ಬಿಡಿ." ಅಪ್ಪ ಒಪ್ಪಿದ್ದು ಒಂದಕ್ಕೆ ಮಾತ್ರ. "ಬಂದು ನೋಡ್ಕೊಂಡು ಓಗ್ಲಿ. ಕೊಡ್ತೀನಿ ಅಂದಿಲ್ಲ."

ಭಾನುವಾರ ಸಂಜೆ ಐದೂವರೆಗೆ ತಬಸ್ಸುಮ್ ಬಂದಳು. ಮಧ್ಯಾಹ್ನದ ಮಟನ್ ಸಾರಿನ ವಾಸನೆ ಇನ್ನೂ ಮೆಟ್ಟಿಲ ಮೇಲೇ ಕುಳಿತಿತ್ತು. ಅವಳು ಬೋರ್ಡ್ ಓದಿ, ಗಾಳಿಯನ್ನೊಮ್ಮೆ ಮೂಸಿ, ಒಳಗೆ ಬಂದಳು. ಮನೆ ನೋಡಿ ಕೆಳಗಿಳಿದ ಮೇಲೆ ಅಮ್ಮ ಕಾಫಿ ಕೊಟ್ಟರು. ತಬಸ್ಸುಮ್ ಎರಡೂ ಕೈಯಿಂದ ತೆಗೆದುಕೊಂಡು, ನಿಧಾನವಾಗಿ ಮೇಜಿನ ಮೇಲಿಟ್ಟು, ಕೈಕಟ್ಟಿ ಕುಳಿತಳು.

ಅಪ್ಪ ಲೋಟ ನೋಡಿದರು. ನನ್ನನ್ನು ನೋಡಿದರು. ನಾನು ಗಾಬರಿಯಿಂದ ತಲೆ ಅಲ್ಲಾಡಿಸಿದೆ, ಏಕೆಂದರೆ ಆ ಪದ್ಧತಿಯನ್ನು ನಾನವಳಿಗೆ ಹೇಳಿಯೇ ಇರಲಿಲ್ಲ. ಅಪ್ಪ ನಂಬಲಿಲ್ಲ.

"ಕಾಫಿ ತಗೊಳಮ್ಮ."

"ಇರ್ಲಿ ರೀ ಅಂಕಲ್."

"ಸಕ್ರೆ ಕಮ್ಮಿ ಆಯ್ತಾ?"

"ಇಲ್ರಿ, ಹಂಗೇನಿಲ್ರಿ."

ಆಗ ನನಗೆ ಹೊಳೆಯಿತು. ಅದು ರಂಜಾನ್ ತಿಂಗಳು. ಅವಳು ಉಪವಾಸವಿದ್ದಳು. ಸೌಹಾರ್ದದ ಕರಪತ್ರಗಳನ್ನು ಊರಿಗೆಲ್ಲ ಹಂಚುವ ನಾನು ಅದನ್ನೇ ಮರೆತು ಸಂಜೆ ಐದೂವರೆಗೆ ಕರೆದಿದ್ದೆ. ಅವಳೋ ಬಾಯಿಬಿಡುತ್ತಿಲ್ಲ. ಮನೆ ಕೇಳುವ ಹೊತ್ತಿನಲ್ಲಿ ಉಪವಾಸದ ಮಾತು ಎತ್ತಬಾರದೆಂದು ಆ ಒಂಬತ್ತು ಮನೆಗಳು ಅವಳಿಗೆ ಕಲಿಸಿದ್ದವು. ಅದು ಅನ್ಯಾಯ. ಅದನ್ನು ಅಲ್ಲೇ ಹೆಸರಿಸಬೇಕಿತ್ತು, ಅಪ್ಪನ ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಕುಳಿತೆ.

ಕಾಫಿಯ ಮೇಲೆ ಕೆನೆ ಕಟ್ಟತೊಡಗಿತು. ಅಪ್ಪನ ಮನೆಯಲ್ಲಿ ಬಂದವರು ಕಾಫಿ ಕುಡಿಯದೆ ಎದ್ದುಹೋದದ್ದೇ ಇಲ್ಲ. ಕೆನೆ ಮಡಚಿಕೊಳ್ಳುವವರೆಗೂ ಅಪ್ಪ ನೋಡಿದರು. ಆಮೇಲೆ ನನ್ನತ್ತ ಬೆರಳು ತೋರಿಸಿ, "ಇವ್ಳೇ ಏಳ್ಕೊಟ್ಟಿರೋದು, ನಂಗೊತ್ತು" ಎಂದು, ಅವಳತ್ತ ತಿರುಗಿದರು. "ಆಯ್ತಮ್ಮ. ಮನೆ ನಿಮ್ದೇ. ನಿಮ್ಮಮ್ಮನ್ನ ಕರ್ಕೊಂಡ್ ಬಾ. ಈಗ ಕುಡಿ ತಾಯಿ, ಆರೋಯ್ತು."

ತಬಸ್ಸುಮ್ ಕಣ್ಣರಳಿಸಿದಳು. ಆಮೇಲೆ ಬಹಳ ಸಂಕೋಚದಿಂದ, "ರೋಜಾ ಐತ್ರಿ ಅಂಕಲ್. ಹೊತ್ತು ಮುಣುಗಿದ ಮ್ಯಾಲ ಕುಡೀತೀನ್ರಿ" ಎಂದಳು.

ಅಪ್ಪ ಅವಳನ್ನೂ ನನ್ನನ್ನೂ ಬಾರಿ ಬಾರಿಗೆ ನೋಡಿದರು. ಒಳಗಿನಿಂದ ಅಮ್ಮನ ನಗು ಮೊದಲು ಕೇಳಿಸಿತು. ಅಪ್ಪನ ಮೀಸೆಯೂ ಅಲುಗಿತು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಅವರು ತೆಗೆದುಕೊಳ್ಳಲಿಲ್ಲ. "ಅಂಗಾದ್ರೆ ಓಗ್ಬೇಡ, ಕುಡ್ಕೊಂಡೇ ಓಗ್ಬೇಕು" ಎಂದು ಅವಳನ್ನು ಕೂರಿಸಿ, ತಮಗೆ ತಂದಿದ್ದ ಲೋಟವನ್ನೂ ಅಮ್ಮನಿಗೆ ಹಿಂತಿರುಗಿಸಿದರು.

ಮಳೆಗಾಲದ ಮೋಡಕ್ಕೆ ಸೂರ್ಯನೇ ಕಾಣುತ್ತಿರಲಿಲ್ಲ. ಅಪ್ಪ ಮೂರು ಸಲ ತಾರಸಿಗೆ ಹತ್ತಿ ಇಳಿದರು. "ಒತ್ತು ಮುಳುಗ್ತಾ?" ಎಂದು ಅವಳನ್ನೇ ಕೇಳಿದರು. ಆರು ಐವತ್ತಕ್ಕೆ ತಬಸ್ಸುಮ್ ಚೀಲದಿಂದ ಖರ್ಜೂರ ತೆಗೆದು ಮೊದಲು ಅಮ್ಮನಿಗೆ, ಆಮೇಲೆ ನಮಗೆ ಕೊಟ್ಟಳು. ಹೊಸದಾಗಿ ಸೋಸಿದ ಕಾಫಿ ಬಂತು. ನಾನು ಓಡಿಹೋಗಿ ಹಸಿರು ಗೆರೆಯ ಬಟ್ಟಲು ತಂದು ಅವಳಿಗೆ ಅದರಲ್ಲೇ ಸುರಿದೆ. ಒಂದು ಗುಟುಕಿಗೆ ಮುಗಿಯಿತು. "ಇಷ್ಟ ಸಣ್ಣದರಾಗ ಯಾರ್ ಕುಡೀತಾರ್ರಿ ಅಕ್ಕಾ, ಲೋಟದಾಗ ಕೊಡ್ರಿ" ಎಂದಳು. ನಾಲ್ಕು ದಿನಗಳ ಮೇಲೆ ನಾನೂ ಕಾಫಿ ಕುಡಿದೆ.

ತಾಯಿ ಮಗಳು ನಮ್ಮ ಮೇಲಿನ ಮನೆಯಲ್ಲಿದ್ದು ಈಗ ಆರು ವರ್ಷ. ಬೋರ್ಡನ್ನು ಅಪ್ಪ ಮಗುಚಿ ತಾರಸಿಯ ಕುಂಡದಲ್ಲಿ ಬೆಳೆಸಿರುವ ದ್ರಾಕ್ಷಿ ಬಳ್ಳಿಗೆ ಆಸರೆಯಾಗಿ ನಿಲ್ಲಿಸಿದ್ದಾರೆ. ಒಳ್ಳೆಯ ಹುಡುಗಿಯೆಂದು ಮನೆ ಸಿಕ್ಕಿತು, ಒಳ್ಳೆಯವಳೆಂದು ತೋರಿಸಿಕೊಳ್ಳಬೇಕಾದದ್ದೇ ತಪ್ಪು ಎಂದು ನಾನು ಒಮ್ಮೆ ಹೇಳಿದೆ. ತಬಸ್ಸುಮ್ ಯೋಚಿಸಿ, "ಖರೇ ಐತ್ರಿ ಅಕ್ಕಾ. ಆದ್ರ ಇವತ್ತ ಬ್ಯಾಡ್ರಿ, ಬಿರಿಯಾನಿ ಆರ್ತೈತಿ" ಎಂದಳು.

ಆ ಭಾನುವಾರದ ಮರುದಿನವೇ ರೀಮ್‌ಗೆ ಇಮೇಲ್ ಬರೆದಿದ್ದೆ. ಬೋರ್ಡಿನ ವಿಷಯ, ನನ್ನ ಸುಳ್ಳು, ಅಪ್ಪನ ಕಾಫಿ, ಎಲ್ಲವನ್ನೂ ಬಿಡದೆ ಬರೆದು, ಕೊನೆಗೆ, "ನಿಮ್ಮ ತಾಯಿಗೆ ಹೇಳು, ಅಂದು ನಾನು ಹೇಳಿದ್ದು ಈಗ ನಿಜವಾಗಿದೆ. ನಮ್ಮಪ್ಪ ಕೊಡುತ್ತಾರೆ" ಎಂದು ಸೇರಿಸಿದ್ದೆ.

ಎರಡು ದಿನಕ್ಕೆ ಉತ್ತರ ಬಂತು. "ಎಲ್ಲವನ್ನೂ ಓದಿ ಹೇಳಿದೆ. ಅಪ್ಪ ಬಹಳ ಹೊತ್ತು ನಕ್ಕರು. ಅಮ್ಮನಿಗೂ ತುಂಬಾ ಸಂತೋಷವಾಗಿದೆ. ಮನೆಯ ವಿಷಯ ಸರಿ, ಹುಡುಗನ ವಯಸ್ಸು ಮಾತ್ರ ನೀವು ಇನ್ನೂ ಹೇಳಿಲ್ಲವಂತೆ."